ಗುಡಾರದ ವಾನಪ್ರಸ್ಥ

ನಮ್ಮ ಅಟ್ಟದಲ್ಲಿ ಒಂದು ಕಿತ್ತಳೆ ಬಣ್ಣದ ಚೀಲವಿದೆ. ಅಟ್ಟದಿಂದ ಏನನ್ನು ಇಳಿಸಲು ಹೋದರೂ ಮೊದಲು ಅದು ತಾನಾಗಿ ಇಳಿದುಬರುತ್ತದೆ, ಕರೆಯದೆ ಬರುವ ನೆಂಟರ ಹಾಗೆ. ಮೊನ್ನೆ ಶ್ಯಾವಿಗೆ ಒತ್ತುವ ಒರಳನ್ನು ಹುಡುಕುತ್ತ ನಾನು ಏಣಿಯ ಮೇಲಿದ್ದಾಗಲೂ ಹಾಗೆಯೇ ಆಯಿತು. ಚೀಲ ನನ್ನ ಹೆಗಲಿಗೆ ಬಡಿದು, ಕೆಳಗೆ ಏಣಿ ಹಿಡಿದು ನಿಂತಿದ್ದ ನನ್ನ ಹೆಂಡತಿ ಸರೋಜಳ ಕಾಲ ಬುಡದಲ್ಲಿ ಬಿದ್ದು, ದೀರ್ಘವಾದ ಒಂದು ನಿಟ್ಟುಸಿರು ಬಿಟ್ಟಿತು. ನಿಟ್ಟುಸಿರಿನ ಜೊತೆಗೆ ವಾಸನೆಯೂ ಬಂತು. ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಟ್ಟಿದ್ದರೂ ಬಂತು. ಹಲಸಿನ ಹಪ್ಪಳ, ಒಣ ಸಿಗಡಿ, ಮೇಲೊಂದಿಷ್ಟು ಅತ್ತರು.

"ಇದನ್ನು ಗುಜರಿಯವನಿಗೆ ಕೊಡಿ ಅಂತ ಎಷ್ಟು ಸಲ ಹೇಳುದು ನಾನು?" ಎಂದಳು ಸರೋಜ, ಮೂಗಿಗೆ ಸೆರಗು ಹಿಡಿದು.

ಏಣಿ ಹಿಡಿದುಕೊಂಡವರ ಜೊತೆ ವಾದ ಮಾಡಬಾರದೆಂಬುದು ದಾಂಪತ್ಯದಲ್ಲಿ ನಾನು ಕಂಡುಕೊಂಡ ಮೂಲತತ್ತ್ವಗಳಲ್ಲಿ ಒಂದು. "ಕೊಡುವ," ಎಂದೆ. ಕೊಡುವುದಿಲ್ಲವೆಂದು ಅವಳಿಗೂ ಗೊತ್ತು. ಅವಳೇ ಅದನ್ನು ಎತ್ತಿ, ಧೂಳು ಕೊಡವಿ, ಮತ್ತೆ ನನ್ನ ಕೈಗೆ ಕೊಟ್ಟಳು.

ಅದು ಗುಡಾರ. ಇಬ್ಬರು ಮಲಗಲೆಂದು ಮಾಡಿದ ಗುಡಾರ. ಅದರೊಳಗೆ ಇಂದಿನವರೆಗೆ ಒಬ್ಬ ಮನುಷ್ಯನೂ ಒಂದು ರಾತ್ರಿ ಕಳೆದಿಲ್ಲ. ಆದರೂ ನನ್ನನ್ನು ಕೇಳಿದರೆ ಅದು ತನ್ನ ಕರ್ತವ್ಯವನ್ನು ಲೋಪವಿಲ್ಲದೆ ಮುಗಿಸಿದೆ. ಹೇಗೆಂದು ಹೇಳಬೇಕಾದರೆ ಸ್ವಲ್ಪ ಸುತ್ತಿ ಬರಬೇಕಾಗುತ್ತದೆ. ನಿಮಗೆ ಅವಸರವಿಲ್ಲ ತಾನೆ?

ಮಣಿಪಾಲದಲ್ಲಿ ಬೇಸಗೆಯಲ್ಲೊಂದು ವಾರ ಬರುತ್ತದೆ, ಓದು ಮುಗಿಸಿದ ಮಕ್ಕಳು ರೂಮು ಖಾಲಿ ಮಾಡುವ ವಾರ. ಹಾಸಿಗೆ, ಬಕೆಟು, ಸೈಕಲು, ತಂತಿ ಹರಿದ ಗಿಟಾರು, ತೆರೆದೇ ನೋಡದ ಪಠ್ಯಪುಸ್ತಕ ಎಲ್ಲವೂ ಕೈಗೆ ಬಂದ ಬೆಲೆಗೆ ಹೋಗುತ್ತವೆ. ಅಲೆವೂರಿನಿಂದ ನಾನು ಬಸ್ಸು ಹತ್ತಿ ಹೋದದ್ದು ಒಂದು ಟೇಬಲ್ ಫ್ಯಾನಿಗಾಗಿ. ಫ್ಯಾನು ಇತ್ತು. ಅದರ ಪಕ್ಕದಲ್ಲಿ ಈ ಚೀಲವೂ ಇತ್ತು. ಉತ್ತರ ದೇಶದ ಒಬ್ಬ ಹುಡುಗ, ಹೊರಡುವ ರೈಲಿನ ಚಿಂತೆಯಲ್ಲಿದ್ದವನು, "ಬಿಸಾಡಿದರೆ ಸಾಕು ಅಂಕಲ್, ತಾನೇ ಎದ್ದು ನಿಲ್ಲುತ್ತದೆ" ಎಂದು ನನಗೆ ಆಶ್ವಾಸನೆ ಕೊಟ್ಟ. ಈ ವಯಸ್ಸಿನಲ್ಲಿ ತಾನೇ ಎದ್ದು ನಿಲ್ಲುವ ಯಾವ ವಸ್ತುವಿನ ಮೇಲೂ ನನಗೆ ಗೌರವ ಹುಟ್ಟುತ್ತದೆ. ಫ್ಯಾನಿಗೆ ಹೋದವನು ಗುಡಾರ ಹಿಡಿದು ಬಂದೆ.

ಬಸ್ಸಿಗೆ ಕಾಯುವ ಬದಲು ಗುಡ್ಡದ ತುದಿಗೆ ನಡೆದು ಹೋಗಿ ಸ್ವಲ್ಪ ಹೊತ್ತು ನಿಂತೆ. ಅಲ್ಲಿಂದ ಕೆಳಗೆ ಸ್ವರ್ಣಾ ಹೊಳೆ ಕಾಣುತ್ತದೆ, ತೆಂಗಿನ ತೋಟಗಳ ನಡುವೆ ಯಾರೋ ಬಿಚ್ಚಿ ಮರೆತುಹೋದ ರಿಬ್ಬನಿನ ಹಾಗೆ. ನಾನು ಭೂಗೋಳದ ಮೇಷ್ಟ್ರಾಗಿದ್ದವನು. ನಿವೃತ್ತಿಯಾಗುವವರೆಗೆ ಪ್ರತಿವರ್ಷ ಕರಿಹಲಗೆಯ ಮೇಲೆ ಈ ಹೊಳೆಯನ್ನು ನೀಲಿ ಸೀಮೆಸುಣ್ಣದಲ್ಲಿ ಎಳೆದಿದ್ದೇನೆ. ಕಾರ್ಕಳದಾಚೆ ಘಟ್ಟದ ಮಡಿಲಿನಲ್ಲಿ ಒಂದು ಚುಕ್ಕೆಯಿಟ್ಟು, ಅದರ ಮೇಲೆ ಕೋಲಿನಿಂದ ಎರಡು ಸಲ ಕುಟ್ಟಿ, "ಇಲ್ಲಿ ಹುಟ್ಟುತ್ತದೆ" ಎಂದು ಗಂಭೀರವಾಗಿ ಘೋಷಿಸಿದ್ದೇನೆ. ಆ ಚುಕ್ಕೆಯನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಮಕ್ಕಳು ಪುಣ್ಯಾತ್ಮರು, ಕೇಳಿರಲಿಲ್ಲ.

ಕೇಳಿದವನು ಒಬ್ಬನೇ, ಹಮೀದ್.

ಹಮೀದ್ ಮತ್ತು ನಾನು ಇದೇ ಹೊಳೆ ಸಮುದ್ರ ಸೇರುವ ಕಡೆಯ ಕೆಮ್ಮಣ್ಣು ಎಂಬ ಊರಿನವರು, ಒಂದೇ ಶಾಲೆಯ ಒಂದೇ ಬೆಂಚಿನವರು. ಅವನ ತಂದೆ ತೆಂಗಿನಕಾಯಿ ವ್ಯಾಪಾರದ ಬ್ಯಾರಿಗಳು. ಕಾಯಿ ಸಾಗಿಸಲಿಕ್ಕೆ ಅವರದೊಂದು ಮರದ ದೋಣಿ ಇತ್ತು. ಕಾಯಿ ಇಳಿಸಿ ಖಾಲಿಯಾದ ದೋಣಿಯನ್ನು ಮಧ್ಯಾಹ್ನ ಹಿನ್ನೀರಿನ ಬದಿಯ ತೆಂಗಿನ ಮರಕ್ಕೆ ಕಟ್ಟಿರುತ್ತಿದ್ದರು. ಆಗ ನಾವಿಬ್ಬರೂ ಅದರ ತಳದಲ್ಲಿ ಮಲಗಿ, ಹಲಗೆಗೆ ಕಿವಿಯಿಟ್ಟು ಕೇಳುತ್ತಿದ್ದೆವು. ಹಾಗೆ ಕೇಳಿದವರಿಗೆ ಮಾತ್ರ ಅದು ಏನೆಂದು ಗೊತ್ತು. ದಡದಲ್ಲಿ ನಿಂತವರಿಗೆ ನೀರು ಸುಮ್ಮನೆ ಇರುತ್ತದೆ. ಹಲಗೆಯಡಿಯಲ್ಲಿ ಮಾತ್ರ ಅದು ಒಂದೇ ಸಮನೆ ಮಾತಾಡಿಕೊಂಡಿರುತ್ತದೆ, ಪಕ್ಕದ ಕೋಣೆಯಲ್ಲಿ ಹಿರಿಯರು ಮೆಲ್ಲಗೆ ಮದುವೆ ಮಾತುಕತೆ ನಡೆಸಿದ ಹಾಗೆ. ಶಬ್ದ ಕೇಳುತ್ತದೆ, ವಿಷಯ ಗೊತ್ತಾಗುವುದಿಲ್ಲ. ಕೊಬ್ಬರಿ ಎಣ್ಣೆಯ ಮತ್ತು ನೆನೆದ ನಾರಿನ ವಾಸನೆ, ಮೇಲೆ ಬಿಸಿಲಿನ ಚೂರುಗಳು, ಕೆಳಗೆ ಈ ಪಿಸುಮಾತು. ಹೀಗೆ ಮಲಗಿದ್ದಾಗಲೇ ಅವನು ಕೇಳಿದ್ದು, "ಇದು ಎಲ್ಲಿಂದ ಶುರುವಾಗ್ತದೆ ಮಾರಾಯ?"

"ಘಟ್ಟದಲ್ಲಿ," ಎಂದೆ. ಮೇಷ್ಟ್ರಾಗುವ ಲಕ್ಷಣ ಆಗಲೇ ಇತ್ತು.

"ಅಲ್ಲಿಯೂ ಹೀಗೇ ಕೇಳ್ತದಾ?"

ಹೋಗಿ ನೋಡುವುದೆಂದು ತೀರ್ಮಾನವಾಯಿತು. ಒಂದು ಹೊದಿಕೆ, ಒಂದು ಪೊಟ್ಟಣ ಅವಲಕ್ಕಿ, ಕಾಡುಪ್ರಾಣಿಗಳಿಗಾಗಿ ಒಂದು ಪೀಪಿ. ಹೊಳೆಯ ಬದಿ ಹಿಡಿದು ಮೇಲಕ್ಕೆ ನಡೆದೆವು. ದೋಣಿ ದಾಟಿಸುವ ಮುಂದಿನ ಕಡವು ಬರುವುದರೊಳಗೆ ಅವಲಕ್ಕಿ ಮುಗಿದಿತ್ತು. ಅವಲಕ್ಕಿ ಮುಗಿದ ಮೇಲೆ ಸಂಶೋಧನೆ ಮುಂದುವರಿಸುವುದು ಶಾಸ್ತ್ರಸಮ್ಮತವಲ್ಲವೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಹಿಂದೆ ಬಂದೆವು.

ಆಮೇಲೆ ನಾನು ನಕ್ಷೆಗಳ ಕಡೆಗೆ ಹೋದೆ, ಅವನು ಗಲ್ಫಿಗೆ ಹೋದ. ಮರುಭೂಮಿಯ ನಡುವೆ ಕೆಲಸಗಾರರ ಶಿಬಿರಕ್ಕೆ ಕರೆಂಟು ಕೊಡುವ ದೊಡ್ಡ ಜನರೇಟರುಗಳನ್ನು ನೋಡಿಕೊಳ್ಳುವ ಉದ್ಯೋಗ. ಅದರ ಪಕ್ಕದಲ್ಲೇ ಟೆಂಟು, ಟೆಂಟಿನಲ್ಲೇ ವಾಸ. ಕೂದಲು ನೆರೆಯುವವರೆಗೆ ಅಲ್ಲಿದ್ದು, ಊರಿಗೆ ಬಂದು ಉಚ್ಚಿಲದಲ್ಲಿ ಮನೆ ಕಟ್ಟಿದ. ಬರುವಾಗ ಎಲ್ಲರೂ ತರುವ ಕಂಬಳಿ, ಟಾರ್ಚು, ಅತ್ತರು ತಂದ. ಜೊತೆಗೆ ಕೆಟ್ಟುಹೋದ ಎರಡು ಕಿವಿಗಳನ್ನೂ ತಂದ.

ಈಗ ನಾವು ಭಾನುವಾರ ಸಂಜೆ ಕಾಪುವಿನಲ್ಲಿ ಭೇಟಿಯಾಗುತ್ತೇವೆ. ಅವನಿಗೂ ನನಗೂ ಅದು ಸರಿಸುಮಾರು ನಡುದಾರಿ. ದೀಪಸ್ತಂಭದ ಬುಡದ ಬಂಡೆಯ ಮೇಲೆ ಕೂತು ಗೋಳಿಬಜೆ ತಿನ್ನುವುದು ಕಾರ್ಯಕ್ರಮ. ಸಮುದ್ರದ ಅಬ್ಬರ ಒಂದು ಕಡೆ, ಅವನ ಕಿವಿ ಇನ್ನೊಂದು ಕಡೆ. ಹಾಗಾಗಿ ನಾನು ಕೂಗಿಯೇ ಮಾತಾಡಬೇಕು. ಸೆಲ್ಫಿ ತೆಗೆಯಲು ಬಂದ ಪರವೂರಿನವರು ನಮ್ಮನ್ನು ಜಗಳವಾಡುತ್ತಿರುವ ಪಾಲುದಾರರೆಂದು ತಿಳಿದು ದೂರ ಸರಿಯುತ್ತಾರೆ. ಇದರಿಂದ ಕೂರಲು ಜಾಗ ಧಾರಾಳವಾಗಿ ಸಿಗುತ್ತದೆ. ನಾವು ಆಡುವುದು ತುಳು. ನಿಮಗೋಸ್ಕರ ಇಲ್ಲಿ ಕನ್ನಡ ಮಾಡಿದ್ದೇನೆ. ಅವನು ನನ್ನನ್ನು "ಮಾಷ್ಟ್ರೆ" ಎಂದು ಕರೆದು, ಮರುಕ್ಷಣವೇ ಏಕವಚನಕ್ಕೆ ಇಳಿಯುತ್ತಾನೆ. ಮೊದಲನೆಯದು ಹುದ್ದೆಗೆ, ಎರಡನೆಯದು ಬೆಂಚಿಗೆ.

ಫ್ಯಾನಿಗೆಂದು ನಾನು ಮಣಿಪಾಲಕ್ಕೆ ಹೊರಡುವ ಮೊದಲಿನ ಭಾನುವಾರ ಅವನು ಕಿವಿಯ ಡಾಕ್ಟರರನ್ನು ಕಂಡು ಬಂದಿದ್ದ.

"ಎಂತ ಹೇಳಿದ್ರು?" ಎಂದು ಕೂಗಿದೆ.

"ಎಡದ್ದು ನಿವೃತ್ತಿ ಆಗಿದೆ. ಬಲದ್ದು ರಾಜೀನಾಮೆ ಬರೆದು ಕಿಸೆಯಲ್ಲಿ ಇಟ್ಟುಕೊಂಡಿದೆಯಂತೆ, ತಾರೀಕು ಹಾಕ್ಲಿಕ್ಕೆ ಬಾಕಿ."

"ಮೆಷಿನು ಕೊಡ್ಲಿಲ್ವಾ?"

ಅಂಗಿಯ ಕಿಸೆಯಿಂದ ಒಂದು ಪುಟ್ಟ ಡಬ್ಬಿ ತೆಗೆದು ತೋರಿಸಿ ಮತ್ತೆ ಒಳಗಿಟ್ಟ. "ಇದನ್ನು ಹಾಕಿದ್ರೆ ಹೆಂಡತಿ ಈರುಳ್ಳಿ ಕೊಯ್ಯುವುದು ಕೇಳ್ತದೆ, ರಸ್ತೆಯ ಲಾರಿ ಕೇಳ್ತದೆ, ನೆರೆಮನೆಯ ಮಿಕ್ಸಿ ಕೇಳ್ತದೆ. ಬೇಕಾದ್ದೊಂದು ಬಿಟ್ಟು ಎಲ್ಲ ಕೇಳ್ತದೆ."

ಕೈಯಲ್ಲಿದ್ದ ಗೋಳಿಬಜೆಯನ್ನು ತಿಂದು ಮುಗಿಸಿದ. ಆಮೇಲೆ ಹೇಳಿದ. ಅವನು ಮೆಲ್ಲಗೆ ಹೇಳಿದರೂ ನನಗೆ ಕೇಳುತ್ತದೆ. ಆ ಅನುಕೂಲ ಒಂದೇ ಕಡೆಗೆ. "ಅಲ್ಲಿ ಜನರೇಟರಿನ ಪಕ್ಕ ಮಲಗಿರುವಾಗ ಆ ಗದ್ದಲದ ಅಡಿಯಲ್ಲಿ ನನಗೆ ದೋಣಿಯ ಹಲಗೆ ಕೇಳ್ತಿತ್ತು ಮಾಷ್ಟ್ರೆ. ಅದನ್ನು ಕೇಳಿಕೊಂಡೇ ನಿದ್ರೆ ಮಾಡಿದವ ನಾನು. ಈಗ ಗದ್ದಲ ಹೋಯ್ತು, ಹೊಳೆಯೂ ಹೋಯ್ತು. ಈ ಬಲದ್ದು ತಾರೀಕು ಹಾಕುವ ಮೊದಲು ಅದು ಶುರುವಾಗುವ ಜಾಗ ಒಮ್ಮೆ ಕೇಳ್ಬೇಕು. ನೋಡುದಲ್ಲ, ಕೇಳುದು. ಅಲ್ಲೇ ಮಲಗಿ. ನೀನು ಬರ್ತೀಯಾ?"

ಈಗ ತಿಳಿಯಿತಲ್ಲ, ನಾನು ಫ್ಯಾನನ್ನು ಯಾಕೆ ಬಿಟ್ಟುಬಂದೆನೆಂದು.

ಗುಡಾರವನ್ನು ಕಂಡು ಅವನು ನಕ್ಕ ನಗೆಗೆ ಬಂಡೆಯ ಮೇಲಿನ ಕಾಗೆಗಳು ಎದ್ದುಹೋದವು. "ಅಷ್ಟು ವರ್ಷ ಟೆಂಟಿನಲ್ಲಿ ಮಲಗಿದವ ನಾನು. ಖುಷಿಗೆ ಅಂತ ಟೆಂಟಿನಲ್ಲಿ ಮಲಗುವವರು ಲೋಕದಲ್ಲಿ ಉಂಟು ಅಂತ ಗೊತ್ತೇ ಇರ್ಲಿಲ್ಲ!" ನಕ್ಕು ಮುಗಿದ ಮೇಲೆ ಹೊಲಿಗೆಗಳನ್ನು ಒಂದೊಂದಾಗಿ ಎಳೆದು ನೋಡಿ, ಮಾಲು ಪರವಾಗಿಲ್ಲವೆಂದು ಒಪ್ಪಿದ.

ಹೀಗೆ ಅರಣ್ಯಯಾತ್ರಾ ಸಮಿತಿ ಅಸ್ತಿತ್ವಕ್ಕೆ ಬಂತು. ಇಬ್ಬರೇ ಸದಸ್ಯರಾದ್ದರಿಂದ ಅಧ್ಯಕ್ಷ ಸ್ಥಾನವನ್ನು ಭಾನುವಾರಕ್ಕೊಬ್ಬರಂತೆ ಹಂಚಿಕೊಂಡೆವು. ರಕ್ತ ಹೀರುವ ಉಂಬಳಕ್ಕೆ ಸುಣ್ಣವೋ ಹೊಗೆಸೊಪ್ಪೋ, ಅನ್ನಕ್ಕೆ ಬೆಳ್ತಿಗೆ ಅಕ್ಕಿಯೋ ಕುಚ್ಚಲಕ್ಕಿಯೋ, ಆನೆ ಬಂದರೆ ಮರ ಹತ್ತುವುದೋ ಮಾತಾಡಿ ನೋಡುವುದೋ, ಎಲ್ಲವೂ ವಿವರವಾಗಿ ಚರ್ಚೆಯಾದವು. ಚರ್ಚೆಯಲ್ಲಿ ನಾವು ಆ ಕಾಡಿನೊಳಗೆ ಎಷ್ಟೋ ಸಲ ಹೋಗಿಬಂದೆವು. ಕಣ್ಣು ಅರೆಮುಚ್ಚಿದರೆ ಸಾಕು, ಸಮುದ್ರದ ಮೇಲಿನ ಮೋಡದ ಸಾಲೇ ಘಟ್ಟವಾಗುತ್ತಿತ್ತು. ಅದರ ಸಂದಿನಲ್ಲಿ ನಮ್ಮ ಕಿತ್ತಳೆ ಗುಡಾರ ದೀಪ ಹಚ್ಚಿದ ಗೂಡಿನಂತೆ ಮಿನುಗುತ್ತಿತ್ತು. ಕತ್ತಲಾಗಿ ಕೊನೆಯ ಬಸ್ಸಿನ ನೆನಪಾಗುವವರೆಗೆ ನಾವು ಅಲ್ಲೇ ಇರುತ್ತಿದ್ದೆವು.

ಬಾಕಿ ಉಳಿದದ್ದು ತಾರೀಕು ಮಾತ್ರ. ನಮ್ಮ ಊರುಗಳ ಪರಿಚಯವಿದ್ದವರಿಗೆ ಇದು "ಮಾತ್ರ" ಅಲ್ಲವೆಂದು ಗೊತ್ತು. ಇಲ್ಲಿ ಒಬ್ಬರು ಮನೆಗೆ ಬಂದು ಸಮಾರಂಭಕ್ಕೆ ಕರೆದು ಹೇಳಿಕೆ ಹೇಳಿ ಹೋದರೆಂದರೆ ಮುಗಿಯಿತು. ಫೋನಿನಲ್ಲಿ ಹೇಳಿದ್ದನ್ನು ಮರೆಯಬಹುದು, ಕಾಗದ ಬಂದದ್ದನ್ನು ಕಾಣಲಿಲ್ಲ ಎನ್ನಬಹುದು. ಮೆಟ್ಟಿಲು ಹತ್ತಿ ಬಂದು, ಬೆಲ್ಲ ನೀರು ಕುಡಿದು, "ಖಂಡಿತ ಬರ್ಬೇಕು" ಎಂದು ಹೋದವರ ಊಟಕ್ಕೆ ತಪ್ಪಿಸುವುದು ಮಾತ್ರ ಕ್ಷಮೆಯಿಲ್ಲದ ಅಪರಾಧ. ನನ್ನ ಕಡೆಯಿಂದ ಉಪನಯನ, ಗೃಹಪ್ರವೇಶ, ಸತ್ಯನಾರಾಯಣ ಪೂಜೆ. ಅವನ ಕಡೆಯಿಂದ ಮದುವೆ, ಉರೂಸು, ಗಲ್ಫಿನಿಂದ ರಜೆಯಲ್ಲಿ ಬಂದವರ ಔತಣ. ಎರಡು ಪಂಚಾಂಗಗಳ ನಡುವೆ ಖಾಲಿ ಇದ್ದದ್ದು ಆಟಿ ತಿಂಗಳೊಂದೇ. ಆಟಿಯ ಮಳೆಗೆ ಆನೆಯೂ ಮನೆಯಲ್ಲಿರುತ್ತದೆ.

ಹೊರಡುವುದು ಮುಂದಕ್ಕೆ ಹೋದ ಈ ಅವಧಿಯಲ್ಲಿ ಗುಡಾರ ಸುಮ್ಮನೆ ಕೂರಲಿಲ್ಲ. ಅದನ್ನು ಮೊದಲಿಗೆ ನಮ್ಮ ಟೆರೇಸಿನಲ್ಲಿ ಪರೀಕ್ಷೆ ಮಾಡಿದೆ. ಹುಡುಗ ಹೇಳಿದ್ದು ನಿಜ, ಬಿಸಾಡಿದೊಡನೆ ಎದ್ದು ನಿಂತಿತು. ಎಷ್ಟು ರಭಸದಲ್ಲೆಂದರೆ ನಾನು ಕೂತುಬಿಟ್ಟೆ. ಒಳಗೆ ಹೋಗಿ, ಜಿಪ್ಪು ಎಳೆದು, ಕೈಕಾಲು ಚಾಚಿ, ನಾನೊಬ್ಬ ಅರಣ್ಯವಾಸಿಯೆಂದು ಭಾವಿಸಿಕೊಂಡೆ. ಭಾವನೆ ಗಟ್ಟಿಯಾಗುವಷ್ಟರಲ್ಲಿ ಸೆಕೆಯಾಯಿತು. ಜಿಪ್ಪು ತೆರೆಯಲು ಹೋದರೆ ತೆರೆಯದು. ಸರೋಜಳನ್ನು ಕೂಗಿದೆ. ಅವಳು ಕೆಳಗೆ ಧಾರಾವಾಹಿ ನೋಡುತ್ತಿದ್ದಳು. ಕೊನೆಗೆ ನನ್ನನ್ನು ಹೊರಗೆ ತೆಗೆದದ್ದು ಗ್ಯಾಸ್ ಸಿಲಿಂಡರ್ ತಂದವನು. ಮೇಲಿನಿಂದ ಕೂಗು ಕೇಳಿ ಹತ್ತಿ ಬಂದಿದ್ದನಂತೆ. "ಎಂತ ಮಾಷ್ಟ್ರೆ, ತಪಸ್ಸಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಳಿದುಹೋದ.

ಸರೋಜ ಗುಡಾರವನ್ನು ನೋಡಿದ್ದು ಆಗಲೇ. ಸುತ್ತಲೂ ಒಮ್ಮೆ ಬಂದಳು. ಬದಿಗಳಲ್ಲಿದ್ದ ಸೊಳ್ಳೆಬಲೆಯನ್ನು ಬೆರಳಿನಿಂದ ಮುಟ್ಟಿದಳು. ನಾಲ್ಕು ಕಡೆ ಬಲೆ, ನಡುವೆ ಬಿಸಿಲು, ಗಾಳಿ ಆಡುತ್ತದೆ, ನೊಣ ಬರುವುದಿಲ್ಲ, ಕಾಗೆಯಂತೂ ಬರಲಾರದು. ಅವಳ ಮುಖದಲ್ಲಿ ನಿಧಿ ಕಂಡವರ ಬೆಳಕು ಮೂಡಿತು.

"ಹೋಯ್, ಹಲಸಿನ ಹಪ್ಪಳಕ್ಕೆ ಇದಕ್ಕಿಂತ ಒಳ್ಳೇದು ಎಂತ ಉಂಟು ಹೇಳಿ?"

ಮರುದಿನದಿಂದ ಗುಡಾರದೊಳಗೆ ಹಪ್ಪಳ ಮಲಗಿತು. ಕಾಗೆಗಳು ಹೊರಗೆ ಸಾಲಾಗಿ ಕೂತು, ಬಲೆಯ ಮೂಲಕ ಒಳಗೆ ನೋಡಿ, ಕಾಲ ಕೆಟ್ಟಿತೆಂದು ಮಾತಾಡಿಕೊಂಡವು. ಅಲೆವೂರಿನ ಅರ್ಧ ಹೆಂಗಸರು ಅದನ್ನು ನೋಡಲು ಬಂದರು. ನಾನೂ ಅವಳೂ ಎಷ್ಟು ಒದ್ದಾಡಿದರೂ ಮತ್ತೆ ಚೀಲದೊಳಗೆ ಹೋಗದಿದ್ದ ಗುಡಾರವನ್ನು ಕೊನೆಗೆ ಅವಳೊಬ್ಬಳೇ ಕೆಸುವಿನೆಲೆಯ ಪತ್ರೊಡೆ ಸುತ್ತುವ ಹಾಗೆ ಅಂಚು ಮಡಿಸಿ, ಒತ್ತಿ, ಸುರುಳಿ ಮಾಡಿ ತುಂಬಿದಳು. ಅಂದಿನಿಂದ ಅದು ನನ್ನ ಗುಡಾರವಾಗಿ ಉಳಿಯಲಿಲ್ಲ.

ಈ ಸುದ್ದಿಯನ್ನು ನಾನು ಹಮೀದನಿಗೆ ನಗೆಚಾಟಿಕೆಯೆಂದು ಹೇಳಿದೆ. ಅವನು ಅದನ್ನು ಮನೆಯಲ್ಲಿ ಹೇಳಿದ. ಅವನ ಹೆಂಡತಿ ಮೈಮೂನ ನಗಲಿಲ್ಲ. ಮುಂದಿನ ವಾರ ಅವನು ಬಂದು, "ಒಮ್ಮೆ ನಾನೂ ಹಾಕಿ ನೋಡ್ಬೇಕಲ್ಲ, ಕಾಡಿಗೆ ಹೋಗುವ ಸಾಮಾನು" ಎಂದು ಚೀಲವನ್ನು ಉಚ್ಚಿಲಕ್ಕೆ ಒಯ್ದ. ಮಳೆಗಾಲಕ್ಕೆ ಮೊದಲಿನ ಬಿಸಿಲು. ಕಡಲ ಬದಿಯ ಎಲ್ಲ ಮನೆಗಳಲ್ಲೂ ಮೀನು ಒಣಗಿಸುವ ಹೊತ್ತು. ಕಾಗೆಗೆ ಜೊತೆಯಾಗಿ ಅಲ್ಲಿ ಬೆಕ್ಕುಗಳೂ ಇವೆ. ನಾನು ಒಂದು ಮಧ್ಯಾಹ್ನ ಹೋಗಿ ನೋಡುವಾಗ ಗುಡಾರದೊಳಗೆ ಒಂದು ಬದಿ ಸಿಗಡಿ, ಒಂದು ಬದಿ ನಂಗು ಮೀನು, ಮಕ್ಕಳನ್ನು ಮಲಗಿಸಿದ ಹಾಗೆ ಸಾಲಾಗಿ ಮಲಗಿದ್ದವು. ಹೊರಗೆ ಮೂರು ಬೆಕ್ಕುಗಳು ಪ್ರತಿಭಟನೆಗೆ ಕೂತಿದ್ದವು.

"ಬೇಸರ ಮಾಡ್ಬೇಡಿ ಮಾಷ್ಟ್ರೆ," ಎಂದಳು ಮೈಮೂನ, "ಆಮೇಲೆ ಚೆಂದ ಮಾಡಿ ಅತ್ತರು ಹಾಕಿ ಕೊಡ್ತೇನೆ."

ಮಾತಿಗೆ ತಪ್ಪಲಿಲ್ಲ. ಅತ್ತರು ಹಾಕಿಯೇ ಕಟ್ಟಿಟ್ಟಳು. ಆಮೇಲೆ ಮಳೆ ಶುರುವಾಯಿತು. ಹಲಸು, ಮೀನು ಮತ್ತು ಅತ್ತರು ಆ ಚೀಲದೊಳಗೆ ಪರಸ್ಪರ ಹೊಂದಿಕೊಂಡು, ಮಳೆಗಾಲವಿಡೀ ಉಪ್ಪಿನಕಾಯಿಯ ಹಾಗೆ ಪಕ್ವವಾದವು. ನವರಾತ್ರಿ ಕಳೆದು ಅದು ನಮ್ಮ ಮನೆಗೆ ಮರಳಿದಾಗ ಸರೋಜ ಬಾಗಿಲಿನಲ್ಲೇ ತಡೆದಳು.

"ಇದಿನ್ನು ನನ್ನ ಹಪ್ಪಳಕ್ಕೆ ಬೇಡ. ಎಲ್ಲಿಗಾದ್ರೂ ಕೊಂಡೋಗಿ. ಕಾಡಿಗಾದ್ರೂ."

ಗೃಹಸ್ಥಾಶ್ರಮದ ಎಲ್ಲ ಕರ್ತವ್ಯಗಳನ್ನೂ ಮುಗಿಸಿ, ಎರಡು ಮನೆಗಳ ವರ್ಷದ ಸಂಗ್ರಹವನ್ನು ಕಾಪಾಡಿ, ಕೊನೆಗೆ ಮನೆಯಾಕೆಯ ಅಪ್ಪಣೆಯಿಂದಲೇ ಗುಡಾರ ವಾನಪ್ರಸ್ಥಕ್ಕೆ ಸಿದ್ಧವಾದದ್ದು ಹೀಗೆ.

ಆ ಹೊತ್ತಿಗೆ ಹಮೀದನ ಬಲಗಿವಿ ತಾರೀಕಿನ ಯೋಚನೆಯಲ್ಲಿ ತೊಡಗಿದಂತಿತ್ತು. ನಾನು ಎರಡು ಸಲ ಕೂಗಿದರೆ ಒಂದು ಸಲ ತಿರುಗುತ್ತಿದ್ದ. ಒಂದು ಭಾನುವಾರ ಸಮುದ್ರದ ಕಡೆ ಕೈ ತೋರಿಸಿ, "ಇವತ್ತು ಅಲೆ ಕಡಿಮೆ ಅಲ್ವಾ?" ಎಂದು ಕೇಳಿದ. ಅಲೆ ಬಂಡೆಗೆ ಬಡಿದು ನಮ್ಮಿಬ್ಬರ ಕಾಲೂ ನೆನೆದಿತ್ತು. "ಹೌದು, ಕಡಿಮೆ," ಎಂದೆ. ಅಂದು ಮನೆಗೆ ಬಂದವನೇ ಪಂಚಾಂಗ ಮುಚ್ಚಿಟ್ಟೆ. ಬರುವ ವಾರ ಯಾರು ಮೆಟ್ಟಿಲು ಹತ್ತಿ ಬಂದು ಹೇಳಿದ್ದರೂ ಸರಿ, ಹೋಗುವುದೇ ಎಂದು ನಿಶ್ಚಯಿಸಿದೆ. ಹೇಳಿಕೆಯ ಊಟಕ್ಕೆ ಸರೋಜಳೊಬ್ಬಳೇ ಹೋಗಿ, ನನಗೆ ಜ್ವರವೆಂದು ಹೇಳಿ, ನನ್ನ ಪಾಲಿನ ಹೋಳಿಗೆಯನ್ನೂ ಕಟ್ಟಿಸಿಕೊಂಡು ಬಂದಳು.

ಕಾರ್ಕಳದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಪ್ರಮೀಳಾ ಇದ್ದಾಳೆ. ಕಾಲೇಜೊಂದರಲ್ಲಿ ಲೈಬ್ರರಿ ನೋಡಿಕೊಳ್ಳುತ್ತಾಳೆ. ಗಂಡನ ಮನೆಯವರಿಗೆ ಘಟ್ಟದ ಬುಡದಲ್ಲಿ ಗೇರು ಗುಡ್ಡವಿದೆ. ಫೋನು ಮಾಡಿದೆ.

"ಅಭಯಾರಣ್ಯದ ಒಳಗೆ ಟೆಂಟ್ ಹಾಕ್ಲಿಕ್ಕೆ ಬಿಡುದಿಲ್ಲ ಸರ್. ನಮ್ಮ ಗುಡ್ಡೆಗೇ ಬನ್ನಿ. ಕೆಳಗೆ ತೋಡು ಉಂಟು, ಆಚೆ ಬದಿ ಕಾಡೇ. ಅದೇ ತೋಡು ಮುಂದೆ ಹೋಗಿ ಸ್ವರ್ಣೆಗೆ ಸೇರುದು." ಜೊತೆಗೆ, "ನೀವು ಬೋರ್ಡಿನಲ್ಲಿ ಚುಕ್ಕೆ ಇಡ್ತಿದ್ರಲ್ಲ, ಹೆಚ್ಚುಕಡಿಮೆ ಅಲ್ಲಿಯೇ," ಎಂದಳು. ಮಕ್ಕಳು ಗಮನಿಸಿರಲಿಲ್ಲವೆಂದು ನಾನು ಇಷ್ಟು ವರ್ಷ ಸಮಾಧಾನದಲ್ಲಿದ್ದೆ.

ಬೆಳಿಗ್ಗೆ ಉಡುಪಿಯಲ್ಲಿ ಬಸ್ಸು ಹತ್ತಿದೆವು. ಚೀಲ ನಮ್ಮ ಸೀಟಿನಡಿಯಲ್ಲಿತ್ತು. ಬಸ್ಸು ಪೇಟೆ ದಾಟುವುದರೊಳಗೆ ಕಂಡಕ್ಟರ್ ಮೂಗು ಅರಳಿಸಿ ನಿಂತ.

"ಯಾರದ್ದು ಮಾರಾಯ್ರೆ ಮೀನಿನ ಚೀಲ? ಹಿಂದೆ ಇಡಿ, ಹಿಂದೆ!"

ಹಮೀದನಿಗೆ ಕೇಳಲಿಲ್ಲ. ಜನಿವಾರ ಹಾಕಿದ ನಾನು ಕಿಟಕಿಯ ಹೊರಗಿನ ಪ್ರಕೃತಿಯನ್ನು ವೀಕ್ಷಿಸತೊಡಗಿದೆ. ಮುಂದಿನ ಸೀಟಿನ ಹೆಂಗಸು ತನ್ನ ತರಕಾರಿ ಚೀಲವನ್ನು ಬಿಚ್ಚಿ ತೋರಿಸಿ ನಿರ್ದೋಷಿಯೆಂದು ಸಾಬೀತುಪಡಿಸಬೇಕಾಯಿತು. ನಿಜ ಹೇಳಬೇಕೆಂದರೆ ನಮ್ಮಿಬ್ಬರಿಗೂ ಆ ವಾಸನೆ ಅಷ್ಟಾಗಿ ಗೊತ್ತಾಗುತ್ತಲೇ ಇರಲಿಲ್ಲ. ಕರಾವಳಿಯವರಿಗೆ ಒಣಮೀನಿನ ವಾಸನೆ ಹವಾಮಾನದ ಒಂದು ಅಂಗ. ಮೀನು ತಿನ್ನದ ನನಗೂ ಅದು ಕೆಮ್ಮಣ್ಣಿನ ದಾರಿಯ ವಾಸನೆ, ಶಾಲೆಗೆ ಹೋಗುವ ವಾಸನೆ.

ಗೊತ್ತಾದದ್ದು ಪ್ರಮೀಳಾಳಿಗೆ. ಗೇರುಮರಗಳ ನಡುವೆ ಇಳಿದು, ತೋಡಿನ ಬದಿಗೆ ಬಂದು, ಆನೆಯ ಬೆನ್ನಿನಂಥ ಒಂದು ಬಂಡೆಯ ಪಕ್ಕ ನಾನು ಗಂಭೀರವಾಗಿ ಚೀಲ ಬಿಚ್ಚಿ ಗುಡಾರವನ್ನು ಬಿಸಾಡಿದೆ. ಎದ್ದು ನಿಂತಿತು. ಅದರ ಜೊತೆ ಮಳೆಗಾಲವಿಡೀ ಕೂಡಿಟ್ಟದ್ದೂ ಎದ್ದು ನಿಂತಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಸರ್, ಇದು ಟೆಂಟಾ, ಮೀನಿನ ಮಾರ್ಕೆಟಾ?"

"ಸ್ವಲ್ಪ ಹಪ್ಪಳವೂ ಉಂಟು," ಎಂದೆ.

"ತಮಾಷೆ ಅಲ್ಲ ಸರ್. ಇಲ್ಲಿ ಚಿರತೆ ಬಂದು ನಮ್ಮ ನಾಯಿಯನ್ನೇ ಕೊಂಡೋಗಿದೆ. ಇದರೊಳಗೆ ನೀವಿಬ್ಬರು ಮಲಗಿದ್ರೆ ಬಟ್ಟಲಿಗೆ ಬಡಿಸಿ ಮುಚ್ಚಿಟ್ಟ ಹಾಗೆ ಆಗ್ತದೆ. ಜಿಪ್ಪು ಸರಿ ಉಂಟಾ?"

"ಕೆಲವು ಸಲ ತೆರೆಯುದಿಲ್ಲ," ಎಂದು ಒಪ್ಪಿಕೊಂಡೆ.

"ಚಂದ ಆಯ್ತು!"

ಹಮೀದ್ ನಮ್ಮಿಬ್ಬರ ಮುಖವನ್ನು ಸರದಿಯಂತೆ ನೋಡುತ್ತಿದ್ದ. ನಾನು ಅವನ ಬಲಗಿವಿಯ ಹತ್ತಿರ ಬಾಗಿ ಕೂಗಿ ವಿವರಿಸಿದೆ. ಅವನು ಗುಡಾರದ ಬಳಿ ಹೋಗಿ, ಬಲೆಗೆ ಮೂಗಿಟ್ಟು, ಬಹಳ ಹೊತ್ತು ಪರೀಕ್ಷಿಸಿ, "ಸಿಗಡಿ," ಎಂದ. "ಮೈಮೂನಳ ಕೈ ಒಳ್ಳೆದುಂಟು."

ಮೂವರೂ ಸೇರಿ ಗುಡಾರವನ್ನು ಬಿಚ್ಚಿದೆವು. ಪ್ರಮೀಳಾ ಒಲೆಯ ಬೂದಿ ಮತ್ತು ಬುಟ್ಟಿ ತುಂಬ ಲಿಂಬೆಹುಳಿ ತಂದು ಕೊಟ್ಟು, ತೋಡಿನಿಂದ ದೂರ ಕೊಡದಲ್ಲಿ ನೀರು ಹೊಯ್ದು ತಿಕ್ಕಬೇಕೆಂದು ಅಪ್ಪಣೆ ಮಾಡಿದಳು. ಒಬ್ಬ ನಿವೃತ್ತ ಮೇಷ್ಟ್ರು ಮತ್ತು ಗಲ್ಫಿನಿಂದ ಮರಳಿದ ಒಬ್ಬ ಗೃಹಸ್ಥ ಪಂಚೆ ಮೇಲೆ ಕಟ್ಟಿ, ದಟ್ಟ ಕಾಡಿನ ಅಂಚಿನಲ್ಲಿ, ಹಪ್ಪಳ ಮತ್ತು ಮೀನಿನ ಋಣವನ್ನು ತಿಕ್ಕಿ ತೊಳೆದರು. ತೊಳೆದು ಬಂಡೆಯ ಮೇಲೆ ಬಿಸಿಲಿಗೆ ಹರಡಿದೆವು. ಒಣಗಲು ಸಂಜೆಯಾಗುತ್ತದೆ. ಸಂಜೆ ಒಣಗಿದರೂ ವಾಸನೆ ಪೂರ್ತಿ ಹೋಗಿರುವುದಿಲ್ಲ. ರಾತ್ರಿ ಇಲ್ಲಿ ಮಲಗಲು ಬಿಡುವುದಿಲ್ಲವೆಂದು ಪ್ರಮೀಳಾ ಖಡಾಖಂಡಿತ ಹೇಳಿ, ಚಹ ಮಾಡಲು ಮೇಲೆ ಮನೆಗೆ ಹೋದಳು.

ಅವಳು ಹೋದ ಮೇಲೆ ನಾವಿಬ್ಬರೇ ಉಳಿದೆವು. ನಾನು ಅವನ ಮುಖ ನೋಡಲಾರದೆ ತೋಡಿನ ಕಡೆ ನೋಡಿದೆ. ನೀರು ಕಲ್ಲಿನಿಂದ ಕಲ್ಲಿಗೆ ಇಳಿಯುತ್ತಿತ್ತು. ನನಗೆ ಕೇಳುತ್ತಿತ್ತು, ಎಷ್ಟು ಚೆನ್ನಾಗಿ ಕೇಳುತ್ತಿತ್ತೆಂದರೆ ನಾಚಿಕೆಯಾಯಿತು. ಆಚೆ ದಡದಿಂದಲೇ ಕಾಡು ಶುರು. ಅಲ್ಲಿಂದ ತಣ್ಣಗಿನ ಹಸಿರು ಕತ್ತಲೆ ಹಗಲಲ್ಲೇ ಇಷ್ಟಿಷ್ಟಾಗಿ ಹೊರಗೆ ಬಂದು ನೀರಿನ ಮೇಲೆ ಕೂರುತ್ತಿತ್ತು. ಒಂದು ಹಳದಿ ಎಲೆ ಅವಸರವೇ ಇಲ್ಲದೆ ಇಳಿದು ಬಂದು ಸುಳಿಯಲ್ಲಿ ಎರಡು ಸುತ್ತು ತಿರುಗಿ ಮುಂದೆ ಹೋಯಿತು. ಕೆಮ್ಮಣ್ಣು ತಲಪಲು ಅದಕ್ಕೆ ಎಷ್ಟು ಕಾಲ ಬೇಕೋ.

"ಕೇಳ್ತದಾ?" ಎಂದು ಕೂಗಿದೆ.

ಅವನು ಇಲ್ಲವೆಂದು ತಲೆಯಾಡಿಸಿದ. ಕಿಸೆಯ ಡಬ್ಬಿ ತೆಗೆದು ಮೆಷಿನನ್ನು ಕಿವಿಗೆ ಹಾಕಿದ. ಮುಖ ಕಿವುಚಿದ. "ಗರಗರ ಅಂತದೆ. ಜನರೇಟರಿನ ಹಾಗೆ." ತೆಗೆದು, ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿದ. ನಮ್ಮ ಸಮಿತಿ, ನಮ್ಮ ಸುಣ್ಣ, ಹೊಗೆಸೊಪ್ಪು, ಭಾನುವಾರಗಳೆಲ್ಲ ಆ ಮುಚ್ಚಳದಡಿಯಲ್ಲಿ ಹೋದ ಹಾಗಾಯಿತು.

ಆಮೇಲೆ ಅವನು ಮಾಡಿದ್ದು ಇಷ್ಟೇ. ನೀರಿಗೆ ಅರ್ಧ ಇಳಿದಿದ್ದ ಆ ಆನೆಬೆನ್ನಿನ ಬಂಡೆಯ ಮೇಲೆ, ಒದ್ದೆ ಗುಡಾರದ ಪಕ್ಕದಲ್ಲಿ, ಮೆಲ್ಲಗೆ ಬದಿಗೆ ಒರಗಿದ. ಮೊಣಕಾಲು ಮಡಿಸಿದ. ಬಲಗಿವಿಯನ್ನು ಕಲ್ಲಿಗೆ ಇಟ್ಟ. ಹುಡುಗನಾಗಿದ್ದಾಗ ದೋಣಿಯ ತಳದಲ್ಲಿ ಹೇಗೆ ಮಲಗುತ್ತಿದ್ದನೋ ಥೇಟು ಹಾಗೆ, ಒಂದು ಕೈ ಕೆನ್ನೆಯಡಿ, ಒಂದು ಕೈ ಹೊಟ್ಟೆಯ ಮೇಲೆ. ನಾನು ನೀರನ್ನು ನೋಡುತ್ತ ನಿಂತೆ. ಎಲೆಯೊಂದು ಬಂತು, ಹೋಯಿತು. ಇನ್ನೊಂದು ಬಂತು, ಹೋಯಿತು.

"ಉಂಟು," ಎಂದ.

ನಾನು ಹತ್ತಿರ ಹೋಗಿ ಬಾಗಿದೆ.

"ಉಂಟು ಮಾಷ್ಟ್ರೆ. ಅಡಿಯಲ್ಲಿ ಉಂಟು. ಅದೇ." ಕಣ್ಣು ಮುಚ್ಚಿಕೊಂಡೇ ಪಕ್ಕದ ಕಲ್ಲನ್ನು ಕೈಯಿಂದ ತಟ್ಟಿದ. "ಬಾ, ಮಲಗು."

ಮೊಣಕಾಲುಗಳ ಜೊತೆ ಸ್ವಲ್ಪ ಮಾತುಕತೆ ನಡೆಸಿ, ನಾನೂ ಮಲಗಿದೆ. ಕಿವಿಯನ್ನು ಕಲ್ಲಿಗೆ ಇಟ್ಟೆ. ಬಿಸಿಲಿಗೆ ಬೆಚ್ಚಗಾಗಿದ್ದ ಕಲ್ಲು. ನನಗೆ ಕೇಳಿದ್ದು ನನ್ನದೇ ನಾಡಿಯ ಬಡಿತ ಮಾತ್ರ.

"ಕೇಳ್ತದಾ?" ಎಂದು ಈ ಸಲ ಅವನು ಕೇಳಿದ.

ನಾನು ಹೌದೆಂದು ತಲೆಯಾಡಿಸಿದೆ.

ಅವನು ಒಂದು ಕಣ್ಣು ತೆರೆದು ನನ್ನನ್ನು ನೋಡಿ ನಕ್ಕ. "ಸುಳ್ಳು ಹೇಳ್ಬೇಡ ಮಾರಾಯ. ಚುಕ್ಕೆ ಇಡುವಾಗ ಇದೇ ಮುಖ ಮಾಡಿರ್ಬೇಕು ನೀನು. ಕಣ್ಣು ಮುಚ್ಚು ಮೊದಲು."

ಕಣ್ಣು ಮುಚ್ಚಿದೆ. ಒದ್ದೆ ಗುಡಾರದಿಂದ ಒಣಮೀನಿನ ಉಳಿದ ವಾಸನೆ ಬಿಸಿಲಿಗೆ ಮೆಲ್ಲಗೆ ಎದ್ದು ನಮ್ಮ ಮೇಲೆ ಹಾದುಹೋಯಿತು. ಮುಚ್ಚಿದ ರೆಪ್ಪೆಗಳ ಮೇಲೆ ಬೆಳಕಿನ ಚೂರುಗಳು ಆಡಿದವು. ನಾಡಿಯ ಬಡಿತ ದೂರ ಸರಿಯಿತು. ಅದರಡಿಯಿಂದ, ಪಕ್ಕದ ಕೋಣೆಯಿಂದೆಂಬಂತೆ, ಯಾರೋ ಮಾತಾಡತೊಡಗಿದರು. ಬಂಡೆ ಒಮ್ಮೆ ಅಲುಗಿತು, ಮರಕ್ಕೆ ಕಟ್ಟಿದ ದೋಣಿಯ ಹಗ್ಗ ಬಿಚ್ಚಿದ ಹಾಗೆ. ಕೆಮ್ಮಣ್ಣಿನಿಂದ ಇತ್ತ ಬರುತ್ತಿದ್ದೇವೋ, ಇಲ್ಲಿಂದ ಅತ್ತ ಹೋಗುತ್ತಿದ್ದೇವೋ ಎಂದು ಹಮೀದನನ್ನು ಕೇಳಬೇಕೆನಿಸಿತು. ಅವನು ಆಗಲೇ ಗೊರಕೆ ಹೊಡೆಯುತ್ತಿದ್ದ.